ಓಡುವ ನಾಯಿ, ಬಿಸಿಲು, ಮೈಗೂದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವರಾತ್ರಿ ಕಳೆದರೆ ನಾಯಿ ಸಾಕಿದವರ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮರಿ, ಲಸಿಕೆ, ಆಹಾರ ಎಂದು ಕೇಳುತ್ತಿದ್ದವರು ಬಿಸಿಲಿನ ಮಾತಿಗೆ ಬರುತ್ತಾರೆ. ಈ ಸಲ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ದೂರ ಓಡುವ ನಾಯಿಗಳ ಮೈಗೂದಲಿನ ಬಗ್ಗೆಯೇ ಇದ್ದವು. ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಎರಡು ಮುಧೋಳ ನಾಯಿಗಳಿವೆ. ಮೂರು ವರ್ಷದವು, ತೂಕ ತಲಾ 25 ಕಿಲೋ. ದಿನಾ ಬೆಳಿಗ್ಗೆ ಏಳೂವರೆಗೆ ಬೈಕಿನ ಜೊತೆ 8 ಕಿಲೋಮೀಟರ್ ಓಡಿಸುತ್ತೇನೆ. ಜನವರಿಯಲ್ಲಿ ಆರಾಮಾಗಿ ಓಡುತ್ತಿದ್ದವು, ಈಗ ಮಾರ್ಚಿನಲ್ಲಿ ಐದಕ್ಕೇ ನಿಂತುಬಿಡುತ್ತವೆ. ಮೈಮೇಲೆ ಕೂದಲು ಇದ್ದೂ ಇಲ್ಲದಂತಿದೆ, ಇವಕ್ಕೆ ಬಿಸಿಲು ತಾಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗಾದರೆ ನಿಲ್ಲುವುದೇಕೆ?
— ಲೋಕಾಪುರ, ಮುಧೋಳ ತಾಲ್ಲೂಕು

ಉತ್ತರ: ನಿಲ್ಲುವುದು ಅವುಗಳ ಜಾಣತನ. ಬೈಕಿನ ಹಾರ್ನ್ ಹೊಡೆದು ಎಬ್ಬಿಸಿ ಓಡಿಸುವ ಕೆಲಸ ಮಾತ್ರ ಮಾಡಬೇಡಿ.

ಓಡುವ ನಾಯಿಗೆ ಮೊದಲ ಬಿಸಿ ಬರುವುದು ಸೂರ್ಯನಿಂದಲ್ಲ, ಅದರ ತೊಡೆ ಮತ್ತು ಬೆನ್ನಿನ ಸ್ನಾಯುಗಳಿಂದ. ಸ್ನಾಯು ಬಳಸುವ ಶಕ್ತಿಯಲ್ಲಿ ಸುಮಾರು ಕಾಲು ಪಾಲು ಮಾತ್ರ ಚಲನೆಗೆ ಹೋಗುತ್ತದೆ, ಮಿಕ್ಕಿದ್ದು ಶಾಖವಾಗುತ್ತದೆ. ಸಮತಟ್ಟು ದಾರಿಯಲ್ಲಾದರೆ ಆ ಕಾಲು ಪಾಲೂ ಕೊನೆಗೆ ಶಾಖವೇ. ಲೆಕ್ಕ ಹಾಕಿದರೆ, 25 ಕಿಲೋ ತೂಕದ ನಾಯಿ 1 ಕಿಲೋಮೀಟರ್ ಓಡಿದಾಗ ಹುಟ್ಟುವ ಶಾಖ ಒಂದಿಷ್ಟೂ ಹೊರಹೋಗದೆ ಉಳಿದರೆ ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ನಾಯಿಯ ಸಹಜ ಉಷ್ಣತೆ 38.3ರಿಂದ 39.2 ಡಿಗ್ರಿ, ಅಂದರೆ ಮನೆಯ ಥರ್ಮಾಮೀಟರಿನಲ್ಲಿ 101ರಿಂದ 102.5 ಫ್ಯಾರನ್‌ಹೀಟ್. ಶಾಖ ಹೊರಹೋಗುವ ದಾರಿ ಮುಚ್ಚಿದರೆ ನಾಲ್ಕು ಕಿಲೋಮೀಟರಿಗೇ ಜೀವಕ್ಕೆ ಕುತ್ತು. ಓಡುವ ನಾಯಿ ಬದುಕಿರುವುದೇ ಹುಟ್ಟಿದ ಶಾಖವನ್ನು ಆಗಿಂದಾಗ ಹೊರಹಾಕುತ್ತಾ ಇರುವುದರಿಂದ.

ಹೊರಹಾಕಲು ಅದಕ್ಕಿರುವ ದಾರಿ ಎರಡೇ. ಒಂದು ಚರ್ಮ, ಇನ್ನೊಂದು ಉಸಿರು. ಬೆವರಿನ ಗ್ರಂಥಿಗಳು ಅಂಗಾಲಿನ ಮೆತ್ತೆಯಲ್ಲಿವೆ, ಅಷ್ಟರಿಂದ ಮೈ ತಣಿಯುವುದಿಲ್ಲ. ಹವೆ ತಂಪಿದ್ದಾಗ ಸುಮ್ಮನಿರುವ ನಾಯಿಯ ಶಾಖದಲ್ಲಿ ಶೇಕಡಾ 70ರ ಆಸುಪಾಸು ಚರ್ಮದಿಂದಲೇ ಗಾಳಿಗೆ ಹೋಗುತ್ತದೆ. ಅದು ಎಷ್ಟು ಹೋಗುತ್ತದೆ ಎಂಬುದು ಚರ್ಮಕ್ಕೂ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ಚರ್ಮ 35 ಡಿಗ್ರಿ ಇದೆ ಎನ್ನಿ. ಜನವರಿಯ ಬೆಳಿಗ್ಗೆ ಗಾಳಿ 15 ಇದ್ದರೆ ಅಂತರ 20. ಮಾರ್ಚಿನ ಏಳೂವರೆಗೆ ಗಾಳಿ 25 ಇದ್ದರೆ ಅಂತರ ಬರೀ 10. ಅಲ್ಲಿಗೆ ಚರ್ಮದ ದಾರಿ ಅರ್ಧಕ್ಕರ್ಧ ಕಟ್ಟಾಯಿತು. ಮೇಲಿಂದ ಆ ಹೊತ್ತಿಗೆ ಬಿಸಿಲೂ ಬೆನ್ನಿಗೆ ಬಿದ್ದಿರುತ್ತದೆ. ನಿಮ್ಮ ನಾಯಿಗಳ ಮೂರು ಕಿಲೋಮೀಟರ್ ಕಡಿಮೆಯಾದದ್ದು ಇಲ್ಲಿ.

ಇನ್ನು ಕೂದಲಿನ ಮಾತು. ಕೂದಲು ತಾನಾಗಿ ಬಿಸಿಯೂ ಅಲ್ಲ, ತಂಪೂ ಅಲ್ಲ. ಕೂದಲಿನ ನಡುವೆ ಸಿಕ್ಕಿ ನಿಂತ ಗಾಳಿ ಶಾಖವನ್ನು ಎರಡೂ ಕಡೆಗೆ ತಡೆಯುತ್ತದೆ. ನಮ್ಮ ಕುರುಬರು ಚಳಿಗೂ ಕಂಬಳಿ ಹೊದೆಯುತ್ತಾರೆ, ಮಟಮಟ ಮಧ್ಯಾಹ್ನ ಹೊಲದ ಬದುವಿನಲ್ಲಿ ನಿಂತಾಗ ತಲೆ ಮೇಲೂ ಅದನ್ನೇ ಹಾಕಿಕೊಳ್ಳುತ್ತಾರೆ. ಬಿಸಿಲು ಕಂಬಳಿಯ ಹೊರಮೈ ಕಾಯಿಸುತ್ತದೆ, ಆ ಬಿಸಿ ಗಾಳಿಗೆ ಹೋಗುತ್ತದೆ, ಒಳಗಿನವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಅದೇ ಕಂಬಳಿ ಹೊದ್ದು ಓಡಿ ಎಂದರೆ ಯಾರೂ ಓಡಲಾರರು. ದಪ್ಪ ಕೂದಲಿನ ನಾಯಿಯ ಸ್ಥಿತಿ ಇದೇ: ಬಿಸಿಲಲ್ಲಿ ಸುಮ್ಮನೆ ಇದ್ದಾಗ ಕೂದಲು ಕೊಡೆಯಾಗುತ್ತದೆ, ಓಡಿದಾಗ ಒಳಗಿನ ಶಾಖವನ್ನು ಹಿಡಿದಿಡುತ್ತದೆ.

ಮುಧೋಳ ನಾಯಿ ಇದಕ್ಕೆ ತದ್ವಿರುದ್ಧ. ಹೊರಗೂದಲು ಗಿಡ್ಡ, ಮೈಗೆ ಅಂಟಿಕೊಂಡದ್ದು. ಅದರಡಿಯ ಮೆತ್ತನೆಯ ಒಳಗೂದಲು ಇಲ್ಲವೆನ್ನುವಷ್ಟು ಕಡಿಮೆ. ತೆಳು ಚರ್ಮ, ಕೊಬ್ಬಿಲ್ಲದ ಪಕ್ಕೆ, ಉದ್ದ ಕಾಲು, ಆಳವಾದ ಎದೆ. ತೂಕಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡುವ ಮೈ ದೊಡ್ಡದು. ಓಡುವಾಗ ತಾನೇ ಎಬ್ಬಿಸುವ ಗಾಳಿ ನೇರ ಚರ್ಮಕ್ಕೆ ತಾಗುತ್ತದೆ. ಕಿವಿ, ಕಂಕುಳು, ಹೊಟ್ಟೆ, ಒಳತೊಡೆಗಳಲ್ಲಿ ರಕ್ತನಾಳ ಹಿಗ್ಗಿ ಶಾಖ ಹೊರಚೆಲ್ಲುತ್ತವೆ. ಒಳಗಿನ ಬಿಸಿ ಕಳೆದುಕೊಳ್ಳುವುದರಲ್ಲಿ ಈ ಮೈಕಟ್ಟಿಗೆ ಸಾಟಿ ಕಡಿಮೆ. ಹೊರಗಿನ ಬಿಸಿಲು ತಡೆಯಲು ಮಾತ್ರ ಆ ಗಿಡ್ಡ ಕೂದಲು ಸಾಲದು. "ಇವಕ್ಕೆ ಬಿಸಿಲು ತಾಗುವುದಿಲ್ಲ" ಎಂಬ ಮಾತಿನಿಂದ ನಮ್ಮ ಸೀಮೆಯಲ್ಲಿ ಒಳ್ಳೊಳ್ಳೆ ನಾಯಿಗಳು ಕೆಟ್ಟಿವೆ. ಓಡಲು ಹುಟ್ಟಿದ ನಾಯಿ ಇದು ನಿಜ. ಹನ್ನೆರಡು ಗಂಟೆಯ ಬಿಸಿಲಲ್ಲಿ ಕಟ್ಟಿಹಾಕಲು ಹುಟ್ಟಿದ್ದಲ್ಲ.

ಬೈಕಿನ ಬಗ್ಗೆ ಇನ್ನೊಂದು ಮಾತು. ಈ ತಳಿ ಕಣ್ಣಿಗೆ ಬಿದ್ದದ್ದನ್ನು ಸ್ವಲ್ಪ ಹೊತ್ತು ಮಿಂಚಿನಂತೆ ಬೆನ್ನಟ್ಟಿ ಆಮೇಲೆ ನಿಂತು ಸುಧಾರಿಸಿಕೊಳ್ಳುವಂಥದು. ಬೈಕಿನ ಜೊತೆ ಓಡುವಾಗ ವೇಗ ನಿರ್ಧರಿಸುವುದು ನಿಮ್ಮ ಕೈಯ ಎಕ್ಸಲೇಟರ್. ಒಡೆಯ ಮುಂದೆ ಹೋಗುತ್ತಿದ್ದರೆ ನಾಯಿ ತನ್ನ ಮಿತಿ ದಾಟಿಯೂ ಹಿಂದೆ ಬರುತ್ತದೆ.

ಹೀಗೆ ಮಾಡಿ. ಏಳೂವರೆ ಬಿಟ್ಟು ಐದೂವರೆಗೆ ಹೊರಡಿ, ಬಿಸಿಲೇರುವ ಮುನ್ನ ಮನೆ ಸೇರಿ. ಮೊದಲ ವಾರ 4 ಕಿಲೋಮೀಟರಿಗೆ ಇಳಿಸಿ, ಆಮೇಲೆ ಮೂರು ದಿನಕ್ಕೆ ಅರ್ಧ ಕಿಲೋಮೀಟರಿನಂತೆ ಏರಿಸಿ. ಮೈ ಬಿಸಿಲಿಗೆ ಒಗ್ಗಲು ಕನಿಷ್ಠ ಎರಡು-ಮೂರು ವಾರ ಬೇಕು. ವೇಗ ಗಂಟೆಗೆ 12–15 ಕಿಲೋಮೀಟರ್ ದಾಟದಿರಲಿ. ಒಂದೂವರೆ ಎರಡು ಕಿಲೋಮೀಟರಿಗೊಮ್ಮೆ ಮೂರ್ನಾಲ್ಕು ನಿಮಿಷ ನಿಂತು 100–150 ಮಿಲಿಲೀಟರ್ ನೀರು ಕುಡಿಸಿ. ನೀರಿನ ಲೆಕ್ಕವೂ ಇರಲಿ: ಚರ್ಮದ ದಾರಿ ಪೂರ್ತಿ ಮುಚ್ಚಿ ಎಲ್ಲ ಶಾಖವೂ ಏದುಸಿರಿನಿಂದಲೇ ಹೋಗಬೇಕಾದರೆ 1 ಕಿಲೋಮೀಟರಿಗೆ 40 ಮಿಲಿಲೀಟರ್, 10 ಕಿಲೋಮೀಟರಿಗೆ 400 ಮಿಲಿಲೀಟರ್ ನೀರು ಮೂಗು ಬಾಯಿಯಿಂದ ಆವಿಯಾಗಿ ಹೋಗಬೇಕು.

ಓಟ ಮುಗಿದ ಕೂಡಲೇ ಒಮ್ಮೆ, ಹತ್ತು ನಿಮಿಷ ಬಿಟ್ಟು ಒಮ್ಮೆ ಗುದದ ಉಷ್ಣತೆ ನೋಡಿ ಬರೆದಿಡಿ. ನಿಂತ ಮೇಲೂ ಐದು-ಹತ್ತು ನಿಮಿಷ ಉಷ್ಣತೆ ಏರುವುದುಂಟು, ಅದಕ್ಕೇ ಎರಡು ಸಲ. ಗಟ್ಟಿಮುಟ್ಟಾದ ನಾಯಿ ಓಡಿ ಬಂದಾಗ 104–105 ಫ್ಯಾರನ್‌ಹೀಟ್ ಇದ್ದು, ಕಣ್ಣು ಚುರುಕಾಗಿದ್ದು, ಅರ್ಧ ಗಂಟೆಯೊಳಗೆ 103ಕ್ಕೆ ಇಳಿದರೆ ಸರಿ. ಇಳಿಯದಿದ್ದರೆ ಮರುದಿನ ದೂರ ಕಡಿಮೆ ಮಾಡಿ. ಹಾಗೆಯೇ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇರಬೇಕಾದದ್ದು ಬಿಳಚಿಕೊಂಡಿದ್ದರೆ ಉಣ್ಣಿ ಜ್ವರದಿಂದ ರಕ್ತ ಕಡಿಮೆಯಾಗಿರಬಹುದು. ಅಂಥ ನಾಯಿ ಯಾವ ಹವೆಯಲ್ಲೂ ದೂರ ಓಡಲಾರದು. ಮೊದಲು ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಒಂದೇ ಸೂಲಿನ ಎರಡು ನಾಯಿ ಇವೆ. ಒಂದು ಕಪ್ಪು, ಇನ್ನೊಂದು ಬಿಳಿ. ಕಪ್ಪು ನಾಯಿ ಬೇಗ ಬಿಸಿಯಾಗುತ್ತದೆ, ಅದನ್ನು ಓಟಕ್ಕೆ ತಯಾರು ಮಾಡಬೇಡಿ ಎನ್ನುತ್ತಾರೆ. ನಿಜವೇ?
— ವಿಜಯಪುರ

ಉತ್ತರ: ಕಪ್ಪು ಕೂದಲು ಬಿಸಿಲನ್ನು ಹೆಚ್ಚು ಹೀರುತ್ತದೆ, ಬೆನ್ನಿನ ಮೇಲೆ ಕೈ ಇಟ್ಟರೆ ತಿಳಿಯುತ್ತದೆ. ಆದರೆ ಆ ಬಿಸಿ ಇರುವುದು ಕೂದಲಿನ ತುದಿಯಲ್ಲಿ. ನಾಯಿ ಓಡುತ್ತಿದ್ದರೆ ಗಾಳಿ ಅದನ್ನು ಅಲ್ಲಿಂದಲೇ ಹೊತ್ತೊಯ್ಯುತ್ತದೆ. ಬಿಳಿ ಕೂದಲು ಬೆಳಕನ್ನು ಹಿಂದಕ್ಕೆ ಚೆಲ್ಲುವುದು ನಿಜವಾದರೂ ಒಂದಷ್ಟನ್ನು ಒಳಗೂ ಬಿಟ್ಟುಕೊಡುತ್ತದೆ. ಅಮೆರಿಕದಲ್ಲಿ ಕಪ್ಪು ಮತ್ತು ಹಳದಿ ಲ್ಯಾಬ್ರಡಾರ್‌ಗಳನ್ನು ಬಿಸಿಲಲ್ಲಿ ನಡೆಸಿ ಅಳೆದಾಗ ಬಣ್ಣದಿಂದ ಮೈಯುಷ್ಣತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಮುಧೋಳದಂಥ ಗಿಡ್ಡ ಕೂದಲಿನಲ್ಲಿ ತುದಿಗೂ ಚರ್ಮಕ್ಕೂ ದೂರವೇ ಇಲ್ಲವಾದ್ದರಿಂದ ನಿಂತಲ್ಲೇ ನಿಂತ ಕಪ್ಪು ನಾಯಿಗೆ ಬಿಸಿಲು ಬೇಗ ತಟ್ಟುತ್ತದೆ. ಆದ್ದರಿಂದ ಕಪ್ಪು ನಾಯಿಯನ್ನು ಓಡಿಸಲು ಹೆದರಬೇಡಿ, ಓಟದ ಮೊದಲೂ ಆಮೇಲೂ ಬಯಲಲ್ಲಿ ಕಟ್ಟಬೇಡಿ. ಹೊತ್ತು, ಗಾಳಿಯ ತೇವ, ನಾಯಿಯ ತೂಕ, ರೂಢಿ ಇವೆಲ್ಲದರ ನಂತರ ಬಣ್ಣದ ಸರದಿ. ಎರಡು ಕಿಲೋ ಹೆಚ್ಚಿನ ಕೊಬ್ಬು ಇರುವ ಬಿಳಿ ನಾಯಿಗಿಂತ ಪಕ್ಕೆಲುಬು ಕೈಗೆ ಸಿಗುವ ಕಪ್ಪು ನಾಯಿ ಚೆನ್ನಾಗಿ ತಾಳುತ್ತದೆ.

ಬಿಳಿ ನಾಯಿಗೆ ಬೇರೆಯದೇ ತೊಂದರೆ ಇದೆ. ಮೂಗಿನ ಮೇಲ್ಭಾಗ, ಕಿವಿಯ ಅಂಚು, ಹೊಟ್ಟೆಯ ಗುಲಾಬಿ ಚರ್ಮ ಬಿಸಿಲಿಗೆ ಸುಡುತ್ತದೆ. ಮನುಷ್ಯರ ಸನ್‌ಸ್ಕ್ರೀನ್ ಹಚ್ಚಬೇಡಿ. ಹೆಚ್ಚಿನವುಗಳಲ್ಲಿ ಇರುವ ಜಿಂಕ್ ಆಕ್ಸೈಡ್, ಸ್ಯಾಲಿಸಿಲೇಟ್‌ಗಳು ನೆಕ್ಕಿದ ನಾಯಿಗೆ ವಿಷ.

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್ ದಿನಾ ನನ್ನ ಜೊತೆ 6 ಕಿಲೋಮೀಟರ್ ಓಡುತ್ತದೆ. ಬೇಸಿಗೆಗೆ ಮೈಯೆಲ್ಲ ಮಷಿನ್ ಹೊಡೆಸಿ ಬೋಳಿಸಿದರೆ ಹಗುರಾಗುತ್ತದೆಯೇ? ಪಕ್ಕದ ಮನೆಯವರು ಪೊಮೇರಿಯನ್‌ಗೆ ಹೊಡೆಸಿದ್ದಾರೆ, ನಾಯಿ ಖುಷಿಯಾಗಿದೆ ಎನ್ನುತ್ತಾರೆ.
— ಟಿಳಕವಾಡಿ, ಬೆಳಗಾವಿ

ಉತ್ತರ: ಬೋಳಿಸಬೇಡಿ. ಪಕ್ಕದ ಮನೆಯ ಪೊಮೇರಿಯನ್ ಬಗ್ಗೆ ನಮಗೆ ಕಳವಳವೇ ಇದೆ, ಏಕೆಂದರೆ ಬೋಳಿಸಿದ ಮೇಲೆ ಕೂದಲು ಮತ್ತೆ ಬರದೆ ಉಳಿಯುವ ತೊಂದರೆ ಹೆಚ್ಚು ಕಾಣುವುದು ಪೊಮೇರಿಯನ್, ಹಸ್ಕಿ, ಚೌಚೌಗಳಂಥ ಒತ್ತು ಕೂದಲಿನ ತಳಿಗಳಲ್ಲಿ. ಆರು ತಿಂಗಳು, ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ತೇಪೆ ಹಾಕಿದಂತೆ ಉಳಿದುಬಿಡುತ್ತದೆ.

ನಿಮ್ಮ ನಾಯಿಗೆ ಎರಡು ಪದರ ಕೂದಲಿದೆ. ಮೇಲಿನದು ಒರಟು, ಉದ್ದ, ಬಿಸಿಲು-ಮಳೆಗೆ ಅಡ್ಡ ನಿಲ್ಲುವಂಥದು. ಕೆಳಗಿನದು ಹತ್ತಿಯಂತೆ ಮೆತ್ತಗೆ, ಗಾಳಿಯನ್ನು ಹಿಡಿದಿಡುವಂಥದು. ಓಡುವಾಗ ತೊಂದರೆ ಕೊಡುವುದು ಕೆಳಗಿನದು. ಮಷಿನ್ ಹೊಡೆದರೆ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ. ಮತ್ತೆ ಬೆಳೆಯುವಾಗ ಒಳಗೂದಲು ಮುಂದೆ ಓಡಿ ಮೇಲಿನದಕ್ಕೆ ಜಾಗವೇ ಇರುವುದಿಲ್ಲ. ಕೊಡೆ ಹೋಯಿತು, ಕಂಬಳಿ ಉಳಿಯಿತು ಎಂಬಂತಾಗುತ್ತದೆ. ಕಳೆಯಬೇಕಾದದ್ದು ಸತ್ತು ಸಡಿಲವಾದ ಒಳಗೂದಲನ್ನು ಮಾತ್ರ, ಅದೂ ಬಾಚಣಿಗೆಯಿಂದ.

ಅಂಡರ್‌ಕೋಟ್ ರೇಕ್ ಎಂಬ ಉದ್ದ ಹಲ್ಲಿನ ಬಾಚಣಿಗೆ ಸಾಕುಪ್ರಾಣಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಹಲ್ಲಿನ ತುದಿ ಉರುಟಾಗಿರುವುದನ್ನು ಆರಿಸಿ, ಕೊಳ್ಳುವ ಮೊದಲು ನಿಮ್ಮ ಮೊಣಕೈ ಒಳಭಾಗಕ್ಕೆ ಎಳೆದು ನೋಡಿ. ಮೈ ಒಣಗಿರಬೇಕು. ಹಿಂದಿನ ತೊಡೆಯಿಂದ ಶುರು ಮಾಡಿ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಬೈತಲೆಯಂತೆ ಗೆರೆ ಮಾಡಿದರೆ ಚರ್ಮ ಕಾಣುತ್ತದೆ. ಆ ಗೆರೆಯಿಂದ ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಒಂದು ಜಾಗದಲ್ಲಿ ಹತ್ತು-ಹದಿನೈದು ಸಲ ಎಳೆದದ್ದೇ ಹೆಚ್ಚು. ಒತ್ತಿ ಎಳೆದರೆ ಚರ್ಮ ಕೆಂಪಾಗಿ ತರಚುತ್ತದೆ, ಮರುದಿನ ನಾಯಿ ಬಾಚಣಿಗೆ ಕಂಡರೆ ಓಡುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಬಾಲದ ಬುಡದಲ್ಲಿ ಗಂಟು ಕಟ್ಟಿರುತ್ತದೆ. ಗಂಟನ್ನು ಬೆರಳಿನಿಂದ ಬಿಡಿಸಿ, ಆಗದಿದ್ದರೆ ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ಇಟ್ಟು ಅದರ ಮೇಲೆ ಕತ್ತರಿ ಆಡಿಸಿ. ಬಾಚಣಿಗೆ ಇಡದೆ ಕತ್ತರಿಸಲು ಹೋದರೆ ತೆಳು ಚರ್ಮ ಗಂಟಿನ ಜೊತೆಯೇ ಬರುತ್ತದೆ. ಕೂದಲು ಉದುರುವ ಫೆಬ್ರವರಿ-ಮಾರ್ಚಿನಲ್ಲಿ ದಿನಾ ಹತ್ತು ನಿಮಿಷ, ಉಳಿದಂತೆ ವಾರಕ್ಕೆರಡು ಸಲ ಸಾಕು. ಸ್ನಾನ ಬಾಚಿದ ಮೇಲೆ ಮಾಡಿಸಿ. ಗಂಟಿರುವಾಗ ನೀರು ಹಾಕಿದರೆ ಅದು ಉಣ್ಣೆಯಂತೆ ಇನ್ನಷ್ಟು ಬಿಗಿಯುತ್ತದೆ.

ಮಷಿನ್ ಹೊಡೆಸಲೇಬೇಕೆಂದಿದ್ದರೆ ಹೊಟ್ಟೆಯ ಕೆಳಗೆ, ತೊಡೆಸಂದಿಯಿಂದ ಮುಂದಕ್ಕೆ ಅಂಗೈ ಅಗಲ ಮಾತ್ರ ಹೊಡೆಸಿ. ತಂಪು ಕಲ್ಲಿನ ನೆಲದ ಮೇಲೆ ಮಲಗಿದಾಗ ಶಾಖ ನೇರ ಕಲ್ಲಿಗೆ ಹೋಗುತ್ತದೆ. ಹಿಮದಲ್ಲಿ ಬಂಡಿ ಎಳೆಯುವ ನಾಯಿಗಳೂ ಓಡಿ ದಣಿದಾಗ ಹೊಟ್ಟೆ ಹಿಮಕ್ಕೆ ಒತ್ತಿ ಮಲಗುತ್ತವೆ. ಬೆನ್ನಿನ ಮೇಲೆ ಎಷ್ಟು ದಪ್ಪ ಕೂದಲಿದ್ದರೂ ಹೊಟ್ಟೆಯ ಕಡೆ ತೆಳುವಾಗಿರುವುದು ಅದಕ್ಕೆ ಅನುಕೂಲ. ಶಿ ಟ್ಸು, ಪೂಡಲ್‌ಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುವುದರಿಂದ ಅವಕ್ಕೆ ಕತ್ತರಿಸಬಹುದು, ಆದರೂ ಒಂದು ಇಂಚು ಉಳಿಸಿ.

ಪ್ರಶ್ನೆ: ನಮ್ಮ ಕುರಿ ಹಿಂಡಿನ ಕೂಡ ಮೂರು ನಾಯಿ ಅದಾವ್ರಿ. ದಿನಾ ಹತ್ತು-ಹನ್ನೆರಡು ಕಿಲೋಮೀಟರ್ ಅಡ್ಡಾಡ್ತಾವು. ಒಂದಕ್ಕ ಕಿವಿ, ಕಾಲು, ಬಾಲಕ್ಕೆಲ್ಲ ಉದ್ದ ಕೂದಲಾ ಐತಿ. ಮಧ್ಯಾಹ್ನ ಭಾಳ ತೇಕಾಕ ಹತ್ತಿದ್ರ ಗೋಣಿಚೀಲ ತೊಯ್ಸಿ ಮೈಮ್ಯಾಲ ಹೊಚ್ತೇವಿ. ಸರಿ ಐತೇನ್ರಿ?
— ಹುನಗುಂದ ಕಡೆಯ ಕುರಿಗಾಹಿಗಳು

ಉತ್ತರ: ನೀರು ಹಾಕುವುದು ಸರಿ, ಚೀಲ ಹೊದಿಸುವುದು ತಪ್ಪು. ತೊಯ್ದ ಚೀಲ ಮೊದಲ ಎರಡು ನಿಮಿಷ ತಂಪು. ಆಮೇಲೆ ಮೈಬಿಸಿಗೆ ಅದೂ ಬೆಚ್ಚಗಾಗಿ, ಗಾಳಿ ಆಡದಂತೆ ಮುಚ್ಚಳವಾಗುತ್ತದೆ. ಅದೇ ಚೀಲವನ್ನು ತೊಯ್ಸಿ ಬೇವಿನ ನೆರಳಲ್ಲಿ ನೆಲಕ್ಕೆ ಹಾಸಿ, ನಾಯಿ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗಲಿ.

ನೀರು ಕೆಲಸ ಮಾಡುವುದು ಚರ್ಮಕ್ಕೆ ಮುಟ್ಟಿ ಅಲ್ಲಿಂದ ಆವಿಯಾದಾಗ. ಉದ್ದ ಕೂದಲಿನ ಮೇಲೆ ಸುರಿದು ಬಿಟ್ಟರೆ ಹೆಚ್ಚಿನದು ಕೂದಲಿನ ತುದಿಯಲ್ಲೇ ಆರಿಹೋಗುತ್ತದೆ; ತಂಪಾದದ್ದು ಗಾಳಿ, ನಾಯಿಯಲ್ಲ. ಹಾಗಾಗಿ ಬೆನ್ನು ಬಿಟ್ಟು ಹೊಟ್ಟೆ, ಕಂಕುಳು, ತೊಡೆಸಂದಿ, ಕಿವಿಯ ಒಳಮೈಗೆ ಹಾಕಿ, ಬೆರಳಾಡಿಸಿ ಬುಡದ ತನಕ ತೊಯ್ಸಿ, ಆಮೇಲೆ ಟವೆಲ್ಲಿನಿಂದ ಗಾಳಿ ಹಾಕಿ. 100 ಮಿಲಿಲೀಟರ್ ನೀರು ಆವಿಯಾದರೆ ಎರಡೂವರೆ ಕಿಲೋಮೀಟರ್ ಓಟದಷ್ಟು ಶಾಖ ಹೊತ್ತೊಯ್ಯುತ್ತದೆ. ಅದರಲ್ಲಿ ಒಂದು ಪಾಲು ಸುತ್ತಲಿನ ಗಾಳಿಯದು. ನಾಯಿಯ ಪಾಲು ಅರ್ಧ ಎಂದು ಹಿಡಿದರೂ ಅಷ್ಟೇ ನೀರಿಗೆ ಒಂದು ಕಿಲೋಮೀಟರಿಗೂ ಮೀರಿದ ಓಟದ ಶಾಖ ತೆಗೆಯುವ ಬಲ ಇದೆ. ನಿಮ್ಮ ಕಡೆಯ ಬೇಸಿಗೆಯ ಗಾಳಿ ಒಣ. ಅದು ನಿಮಗೆ ವರ.

ಇನ್ನೂ ಸುಲಭದ ಉಪಾಯ ಒಂದಿದೆ. ಅಗಲ ಬಾಯಿಯ ತಗಡಿನ ಬುಟ್ಟಿಯಲ್ಲಿ, ಅಂದರೆ ಟಬ್ಬಿನಲ್ಲಿ, ಒಂದು ಗೇಣು ನೀರು ತುಂಬಿ, ತಳಕ್ಕೆ ನಾಯಿಗೆ ಇಷ್ಟವಾದದ್ದೇನಾದರೂ ಹಾಕಿ, ಅದು ತಾನಾಗಿ ತಲೆ ಮುಳುಗಿಸಿ ಎತ್ತಿಕೊಳ್ಳುವಂತೆ ರೂಢಿ ಮಾಡಿಸಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೆಲಸದ ನಾಯಿಗಳ ಕೇಂದ್ರದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಡಿ ಬಿಸಿಯಾದ ನಾಯಿಗಳಿಗೆ ಕುತ್ತಿಗೆಯ ಮೇಲಿನ ಐಸ್ ಪ್ಯಾಕ್, ಕಂಕುಳ ಒದ್ದೆ ಬಟ್ಟೆಗಳಿಗಿಂತ ಹೀಗೆ ತಾನೇ ತಲೆ ಮುಳುಗಿಸುವುದು ಬೇಗ ತಂಪು ಕೊಟ್ಟಿತು. ತಲೆಯಲ್ಲಿ ರಕ್ತದ ಓಡಾಟ ಹೆಚ್ಚು. ಆದರೆ ಹಿಡಿದು ಒತ್ತಬೇಡಿ. ಏದುಸಿರು ಬಿಡುವ ನಾಯಿಯ ಮೂಗಿಗೆ ನೀರು ಹೋದರೆ ಪುಪ್ಪುಸಕ್ಕೆ ಇಳಿಯುತ್ತದೆ. ವಾಂತಿ, ಮಂಕು ಇದ್ದರೆ ಈ ಉಪಾಯವೇ ಬೇಡ.

ಕಾಂಕ್ರೀಟ್ ಹಾಸಿದ ಕಾಲುವೆಗೆ ನಾಯಿಯನ್ನು ಬಿಡಬೇಡಿ. ಇಳಿಜಾರಿನಲ್ಲಿ ಪಾಚಿ ಇರುತ್ತದೆ, ಇಳಿದ ನಾಯಿಗೆ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಕೆರೆ, ಹಳ್ಳದ ದಂಡೆಯೇ ಒಳ್ಳೆಯದು.

ಕುಡಿಯಲು 25 ಕಿಲೋ ನಾಯಿಗೆ ಸುಮ್ಮನಿದ್ದ ದಿನವೇ ಸುಮಾರು ಒಂದೂವರೆ ಲೀಟರ್ ಬೇಕು, ಹಿಂಡಿನ ಹಿಂದೆ ತಿರುಗಿದ ದಿನ ಅದರ ಎರಡು ಪಟ್ಟು ಮೀರಬಹುದು. ಉಪ್ಪು ಬೆರೆಸಬೇಡಿ. ನಮ್ಮಂತೆ ನಾಯಿ ಮೈಯೆಲ್ಲ ಬೆವರಿ ಉಪ್ಪು ಕಳೆದುಕೊಳ್ಳುವುದಿಲ್ಲ, ಕಳೆದುಕೊಳ್ಳುವುದು ಹೆಚ್ಚಾಗಿ ಬರೀ ನೀರು. ಹನ್ನೆರಡರಿಂದ ನಾಲ್ಕರವರೆಗೆ ಹಿಂಡಿಗೂ ನಾಯಿಗೂ ನೆರಳು ಕೊಡಿ. ಗಾಳಿಯೇ 40 ಡಿಗ್ರಿ ಇದ್ದಾಗ ಅದು ಚರ್ಮಕ್ಕಿಂತ ಬಿಸಿ. ಆಗ ಬೀಸುವ ಗಾಳಿ ಒಣ ಮೈಯನ್ನು ತಣಿಸುವುದಿಲ್ಲ, ಕಾಯಿಸುತ್ತದೆ. ಉದ್ದ ಕೂದಲಿನ ನಾಯಿಯ ಕಾಲು, ಕಿವಿಗಳ ಝಾಲರಿನಿಂದ ಶಾಖಕ್ಕೆ ದೊಡ್ಡ ಅಡ್ಡಿಯಿಲ್ಲ, ಅದರಲ್ಲಿ ಸೇರುವ ಮುಳ್ಳು, ಉಣ್ಣಿ ದಿನಾ ಸಂಜೆ ತೆಗೆಯಿರಿ.

ಪ್ರಶ್ನೆ: ನಮ್ಮ ನಾಯಿ ಓಡಿ ಬಂದು ಎರೆಮಣ್ಣಿನ ಕೆಸರಲ್ಲಿ ಹೊರಳುತ್ತದೆ. ಬಿಡಬೇಕೇ? ತಂಪಿಗೆ ಹರಳೆಣ್ಣೆ ಹಚ್ಚಬಹುದೇ?
— ಜಮಖಂಡಿ

ಉತ್ತರ: ಹೊರಳಲಿ, ಹಸಿ ಕೆಸರು ತಂಪೇ. ಆದರೆ ಎರೆಮಣ್ಣು ಒಣಗಿದರೆ ಹೆಂಟೆಯಾಗಿ ಕೂದಲಿಗೆ ಗಟ್ಟಿಯಾಗಿ ಅಂಟುತ್ತದೆ, ಚರ್ಮಕ್ಕೆ ಗಾಳಿ ಸಿಗುವುದಿಲ್ಲ. ಒಣಗುವ ಮೊದಲು ತೊಳೆಯಿರಿ. ಹರಳೆಣ್ಣೆ ಬೇಡ. ಎಣ್ಣೆ ಸವರಿದ ಚರ್ಮದ ಮೇಲೆ ನೀರು ನಿಲ್ಲುವುದಿಲ್ಲ, ಕೂದಲು ಅಂಟಂಟಾಗಿ ಧೂಳು ಹಿಡಿಯುತ್ತದೆ, ನೆಕ್ಕಿದರೆ ಭೇದಿ.

ಪ್ರಶ್ನೆ: ಕಳೆದ ಜುಲೈನಲ್ಲಿ ಮಳೆ ನಿಂತ ಹೊತ್ತಿಗೆ ಲ್ಯಾಬ್ರಡಾರ್ ಜೊತೆ ಓಡಲು ಹೋಗಿದ್ದೆ. ಹವೆ 24 ಡಿಗ್ರಿ, ಬಿಸಿಲೇ ಇರಲಿಲ್ಲ. ನಾಲ್ಕು ಕಿಲೋಮೀಟರಿಗೆ ನಾಯಿ ಕುಸಿದು ಕುಳಿತಿತು. ಬೇಸಿಗೆಯಲ್ಲಿ ಇಲ್ಲದ ತೊಂದರೆ ಮಳೆಗಾಲದಲ್ಲಿ ಏಕೆ?
— ಖಾನಾಪುರ

ಉತ್ತರ: ಏಕೆಂದರೆ ಓಡುವಾಗ ಉಸಿರಿನ ದಾರಿಯೇ ದೊಡ್ಡ ದಾರಿ, ಮಳೆಗಾಲದಲ್ಲಿ ಅದು ಕುಗ್ಗುತ್ತದೆ. ಸುಮ್ಮನಿದ್ದಾಗ ನಿಮಿಷಕ್ಕೆ 30 ಮೀರದ ಉಸಿರನ್ನು ನಾಯಿ 300ರವರೆಗೆ ಏರಿಸಬಲ್ಲದು. ಹಾಗೆ ಏದುವಾಗ ಮೂಗಿನೊಳಗಿನ ಒದ್ದೆ ಪೊರೆ, ನಾಲಿಗೆಗಳಿಂದ ನೀರು ಆವಿಯಾಗಿ ರಕ್ತ ತಂಪಾಗುತ್ತದೆ. ಗಾಳಿಯೇ ನೀರು ತುಂಬಿಕೊಂಡು ಕುಳಿತಿದ್ದರೆ ಆವಿ ಹೋಗುವುದಾದರೂ ಎಲ್ಲಿಗೆ? ನಿಮ್ಮ ಸೀಮೆಯ ಜುಲೈ ಎಂದರೆ ಬಟ್ಟೆ ಎರಡು ದಿನವಾದರೂ ಒಣಗದ ಕಾಲ. ಲ್ಯಾಬ್ರಡಾರ್‌ನ ಒಳಗೂದಲು ನೀರಿಗೆ ಹೇಳಿ ಮಾಡಿಸಿದ ದಪ್ಪ ಪದರ. ತುಂತುರು ಅದರ ಮೇಲೇ ನಿಲ್ಲುತ್ತದೆ, ಚರ್ಮ ತಣಿಯುವುದಿಲ್ಲ, ಮೇಲಿಂದ ಗಾಳಿ ಸುಳಿಯಲು ಸಂದೂ ಉಳಿಯುವುದಿಲ್ಲ.

ಅಂಥ ದಿನ ದೂರ ಅರ್ಧ ಮಾಡಿ, ಓಟ ಬಿಟ್ಟು ಬಿರುನಡೆಗೆ ಬನ್ನಿ, ಗಾಳಿ ಆಡುವ ಬಯಲು ದಾರಿ ಹಿಡಿಯಿರಿ. ಬಟ್ಟೆ ಒಣಗದ ದಿನ ನಾಯಿಯನ್ನು ಓಡಿಸಬಾರದು ಎಂದು ಗುರುತಿಟ್ಟುಕೊಳ್ಳಿ. ಇಷ್ಟು ಹೇಳಿದರೂ, ಲ್ಯಾಬ್ರಡಾರ್ ತಳಿಯಲ್ಲಿ ಜೋರು ಓಟದ ಮೇಲೆ ಹಿಂಗಾಲು ಸೋತು ಕುಸಿಯುವ ವಂಶಪಾರಂಪರ್ಯ ಕಾಯಿಲೆಯೊಂದೂ ಇದೆ. ಇನ್ನೊಮ್ಮೆ ಹಾಗಾದರೆ ಹವೆಯನ್ನು ದೂರಿ ಸುಮ್ಮನಾಗದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮೂರ ಜಾತ್ರೆಯಲ್ಲಿ ನಾಯಿ ಓಟ ಇಡುತ್ತಾರೆ. ಹೋದ ವರ್ಷ ಒಂದು ನಾಯಿ ಗೆರೆ ದಾಟಿ ಬಿದ್ದು ಸತ್ತಿತು. ಬಿದ್ದ ಕ್ಷಣದಲ್ಲಿ ಏನು ಮಾಡಬೇಕಿತ್ತು?
— ಗೋಕಾಕ ತಾಲ್ಲೂಕು

ಉತ್ತರ: ಬೀಳುವ ಮೊದಲೇ ಸುಳಿವು ಸಿಗುತ್ತದೆ. ನಾಲಿಗೆ ಉದ್ದವಾಗಿ ಹೊರಬಿದ್ದು ತುದಿ ಅಗಲವಾಗಿ ಮಗುಚುಕಾಯಿಯಂತಾಗುತ್ತದೆ. ಜೊಲ್ಲು ಅಂಟಾಗಿ ದಾರದಂತೆ ಇಳಿಯುತ್ತದೆ. ಒಸಡು ಇಟ್ಟಂಗಿ ಕೆಂಪಿಗೆ ತಿರುಗುತ್ತದೆ. ಕರೆದರೆ ತಿರುಗಿ ನೋಡುವುದಿಲ್ಲ, ಹಿಂಗಾಲು ತೊಡರುತ್ತದೆ. ಇಷ್ಟರಲ್ಲಿ ಎರಡು ಕಂಡರೂ ಓಟ ಮುಗಿಯಿತೆಂದೇ ತಿಳಿಯಿರಿ.

ಬಿದ್ದರೆ, ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಒಯ್ಯಿರಿ. ಗಾಡಿ ಹುಡುಕುತ್ತಾ ಕಳೆಯುವ ಇಪ್ಪತ್ತು ನಿಮಿಷದಲ್ಲೇ ಜೀವ ಹೋಗುವುದು. ಕೊರಳಪಟ್ಟಿ, ಬಾಯಿಕುಕ್ಕೆ ಎಲ್ಲ ಬಿಚ್ಚಿ. ನೆರಳಿಗೆ ಎತ್ತಿಕೊಂಡು ಹೋಗಿ, ನಡೆಸಬೇಡಿ. ಎಳೆ ವಯಸ್ಸಿನ ಗಟ್ಟಿ ನಾಯಿಯಾದರೆ ಟಾಕಿ (ನೀರಿನ ತೊಟ್ಟಿ) ಅಥವಾ ದೊಡ್ಡ ಟಬ್ಬಿನ ನೀರಿನಲ್ಲಿ ಕುತ್ತಿಗೆವರೆಗೆ ಇಳಿಸಿ, ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಿ. ಟಾಕಿ ಇಲ್ಲದಿದ್ದರೆ, ಅಥವಾ ನಾಯಿಗೆ ವಯಸ್ಸಾಗಿದ್ದರೆ, ಕೊಡದಿಂದ ಎಡೆಬಿಡದೆ ನೀರು ಸುರಿಯುತ್ತಾ ಗಾಳಿ ಹಾಕಿ. ಕೂದಲು ದಪ್ಪವಿದ್ದರೆ ಬೆರಳಾಡಿಸಿ ಚರ್ಮ ತೊಯ್ಯಲೇಬೇಕು. ತಣ್ಣೀರು ಹಾಕಿದರೆ ನರ ಬಿಗಿದು ಕೆಡುಕಾಗುತ್ತದೆ ಎಂಬ ಹಳೆಯ ಮಾತಿಗೆ ಕಿವಿಗೊಡಬೇಡಿ. ನಾಯಿಯ ಮೈಗಿಂತ ತಂಪಾದ ಯಾವ ನೀರಾದರೂ ಸರಿ, ತಡ ಮಾಡುವುದೇ ಕೆಡುಕು. ಎಚ್ಚರವಿಲ್ಲದ ನಾಯಿಯ ಬಾಯಿಗೆ ನೀರು, ಗ್ಲೂಕೋಸ್, ಮಜ್ಜಿಗೆ ಯಾವುದನ್ನೂ ಹಾಕಬೇಡಿ.

ಎರಡು ಮೂರು ನಿಮಿಷಕ್ಕೊಮ್ಮೆ ಉಷ್ಣತೆ ನೋಡಿ. 106 ಫ್ಯಾರನ್‌ಹೀಟ್ ದಾಟಿ ತೂರಾಡುತ್ತಿದ್ದರೆ ಅದು ಬಿಸಿಲಾಘಾತವೇ. 109ರ ಹತ್ತಿರ ಹೋದರೆ ಅಂಗಾಂಗಗಳೇ ಬೇಯುತ್ತವೆ. 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ ಮೈ ಒರೆಸಿ, ಇಲ್ಲದಿದ್ದರೆ ಉಷ್ಣತೆ ತಾನಾಗಿ ಇನ್ನೂ ಜಾರಿ ಸಹಜಕ್ಕಿಂತ ಕೆಳಗೆ ಹೋಗುತ್ತದೆ. ಆಮೇಲೆ ಕಿಟಕಿ ತೆರೆದ ಗಾಡಿಯಲ್ಲಿ ಪಶು ಆಸ್ಪತ್ರೆಗೆ ಒಯ್ಯಿರಿ. ಎದ್ದು ಬಾಲ ಅಲ್ಲಾಡಿಸಿದರೂ ಒಯ್ಯಲೇಬೇಕು. ಮೂತ್ರಪಿಂಡ ಸೋಲುವುದು, ರಕ್ತ ಹೆಪ್ಪುಗಟ್ಟದೆ ಭೇದಿಯಲ್ಲಿ ರಕ್ತ ಹೋಗುವುದು ಒಂದರಿಂದ ಮೂರು ದಿನದಲ್ಲಿ ಕಾಣಿಸಿಕೊಳ್ಳುತ್ತವೆ.

ಸಂಘಟಕರಿಗೆ ನಮ್ಮ ಒತ್ತಾಯ ಇಷ್ಟು: ಓಟ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ಗೆರೆಯ ಆಚೆ ತುಂಬಿದ ಎರಡು ಡ್ರಮ್ ನೀರು, ಒಂದು ಥರ್ಮಾಮೀಟರ್ ಇರಲಿ. ಬಾಯಿಗೆ ಬಟ್ಟೆ ಬಿಗಿದು ಓಡಿಸುವುದನ್ನು ನಿಲ್ಲಿಸಿ, ಬಾಯಿ ಕಟ್ಟಿದರೆ ಉಸಿರಿನ ದಾರಿಯೇ ಮುಚ್ಚಿದಂತೆ. ಕಚ್ಚುವ ಭಯವಿದ್ದರೆ ಬಾಯಿ ಪೂರ್ತಿ ತೆರೆಯಬಲ್ಲ ಬುಟ್ಟಿಯಂಥ ಕುಕ್ಕೆ ಹಾಕಿ. ಓಟಕ್ಕೆ ಮೊದಲು ಮೂರು ಗಂಟೆ ಹೊಟ್ಟೆ ಖಾಲಿ ಇರಲಿ. ಎದೆ ಆಳವಾದ ತಳಿಗಳಲ್ಲಿ ತುಂಬಿದ ಹೊಟ್ಟೆ ತಿರುಚಿಕೊಳ್ಳುವ ಅಪಾಯವೂ ಇದೆ. ತಯಾರಿಗೆಂದು ಹೊಲದಲ್ಲಿ ಮೊಲ ಬೆನ್ನಟ್ಟಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಧ್ಯಾಹ್ನದ ಹೊಲದಲ್ಲಿ ಮೊಲದ ಹಿಂದೆ ಬಿದ್ದ ನಾಯಿ ತನ್ನ ಮೈಬಿಸಿ ಮರೆತು ಓಡುತ್ತದೆ, ಅದೂ ಕಾರಣವೇ.

ಪ್ರಶ್ನೆ: ನೀರಲ್ಲಿ ತೊಯ್ಸಿ ಹಾಕುವ ತಂಪು ಜಾಕೆಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಮುಧೋಳ ನಾಯಿಗೆ ಓಡುವಾಗ ಹಾಕಬಹುದೇ?
— ಬಾಗಲಕೋಟೆ ನವನಗರ

ಉತ್ತರ: ಓಡುವಾಗ ಬೇಡ. ಕಾರಿನಲ್ಲಿ ಒಯ್ಯುವಾಗ, ಸರದಿಗೆ ಕಾಯುತ್ತಾ ನಿಂತಾಗ ಬಿಳಿ ಅಥವಾ ತಿಳಿಬಣ್ಣದ ಹಗುರ ಜಾಕೆಟ್ ಬಿಸಿಲಿಗೆ ಅಡ್ಡವಾಗುತ್ತದೆ, ಗಿಡ್ಡ ಕೂದಲಿಗಿಲ್ಲದ ಕೊಡೆ ಅದು. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಕೈ ಒಳಗೆ ಹಾಕಿ ನೋಡಿ. ಬೆಚ್ಚಗೆನಿಸಿದರೆ ಮತ್ತೆ ತೊಯ್ಸಿ ಹಿಂಡಿ ಹಾಕಿ, ನೀರಿಲ್ಲದಿದ್ದರೆ ಬಿಚ್ಚಿ ತೆಗೆಯಿರಿ.